ಅವರೆಬಳ್ಳಿಗೆ ಕಟ್ಟಿದ ಸೀರೆಯಂಚು

ಬಿಸಿಲಿಗೆ ಹೂ ಉದುರಿಸದೆ ನಿಂತ ಅವರೆಬಳ್ಳಿ ಕಂಡರೆ ವೆಳ್ಳಚ್ಚಿ ಪಾಟಿ ತನ್ನ ಹಳೇ ಸೀರೆಯ ಅಂಚು ಹರಿದು ಅದಕ್ಕೆ ಕಟ್ಟುತ್ತಿದ್ದಳು. ಉಳಿದ ಬಳ್ಳಿಗಳಿಗೆ ಬೈಗುಳ. "ಇಷ್ಟಕ್ಕೇ ಸುಸ್ತಾದ್ಯಾ? ಅವಳ್ನ ನೋಡು, ಹೆಂಗೆ ನಿಂತವ್ಳೆ!"

ಪಾಟಿ ಎಂದರೆ ನಮ್ಮ ಕಡೆ ಅಜ್ಜಿ. ಅವಳು ಬೆಟ್ಟದ ಪಳಿಯರ ಬುಡಕಟ್ಟಿನವಳು. ತಮಿಳು ಸೀಮೆಯ ಮಾರ್ಕಯನ್‌ಕೋಟ್ಟೈಯಲ್ಲಿದ್ದ ನಮ್ಮ ಹೊಲಕ್ಕೆ ಕೆಲಸಕ್ಕೆ ಬಂದು ನಮ್ಮ ಮನೆಯ ಕನ್ನಡ ಕಲಿತಿದ್ದಳು. ಬೀಜದ ಬಳ್ಳಿ ಆರಿಸುವ ಮೂರು ದಿನ ಮನುಷ್ಯರೊಡನೆ ಮಾತಾಡುತ್ತಿರಲಿಲ್ಲ. ಆಡುವ ಮಾತೆಲ್ಲ ಬಳ್ಳಿಗೇ. ಅವ್ವ ಊಟಕ್ಕೆ ಕರೆದರೆ ಬಳ್ಳಿಯ ಕಡೆ ತಿರುಗಿ, "ಹಸಿವಿಲ್ಲ ಅನ್ನು ಅವಳಿಗೆ" ಎನ್ನುವಳು. ಜನರ ಮಾತಿಗೆ ಕಿವಿ ಕೊಟ್ಟರೆ ಗಿಡ ಕಣ್ಣಿಗೆ ಬೀಳದು ಎಂಬುದು ಅವಳ ನೇಮ.

ತೊಂಬತ್ತೆಂಟರಲ್ಲಿ ನಾನು ಬಾಟನಿಯಲ್ಲಿ ಬಿ.ಎಸ್ಸಿ. ಮುಗಿಸಿದೆ. ಕಳೆ ಕಿತ್ತ ಕೈಯಲ್ಲೇ ಪುಸ್ತಕ ಹಿಡಿದು ಓದಿದ್ದು; ನಮ್ಮ ವಂಶದಲ್ಲೇ ಮೊದಲ ಡಿಗ್ರಿ. ಆ ವರ್ಷ ಐಪ್ಪಸಿ ತಿಂಗಳ ಹಿಂಗಾರು ಮಳೆ ಬರಲೇ ಇಲ್ಲ. ಪಾಟಿ ಬಳ್ಳಿ ಆರಿಸುತ್ತಿದ್ದ ಹೊತ್ತಿಗೇ ಊರಿಗೆ ವೈದ್ಯರ ಕ್ಯಾಂಪ್ ಬಂತು. ಇಂಗ್ಲಿಷ್ ಬರುತ್ತದೆಂದು ಫಾರಂ ತುಂಬಲು ನನ್ನನ್ನು ಕೂರಿಸಿದರು. ಅವ್ವ ಪಾಟಿಯನ್ನು ಮಂಡಿನೋವಿಗೆ ಕರೆತಂದಳು. ಡಾಕ್ಟರು ಹೆಸರು ಕೇಳಿದರೆ ಪಾಟಿ ಕೈಯಲ್ಲಿದ್ದ ಅವರೆಯ ಕುಡಿಗೆ ಉತ್ತರ ಕೊಟ್ಟಳು.

"ಯಾವಾಗ್ಲೂ ಹೀಗೇನಾ?" ಎಂದರು ಡಾಕ್ಟರು.

ನನಗೆ ನಾಚಿಕೆಯಾಯಿತು. "ಹೌದು ಸಾರ್, ಗಿಡದ ಜೊತೆ ಮಾತಾಡ್ತಾಳೆ" ಎಂದೆ. ಹಾಗೇ ಬರೆದೆ.

"ಕಾಡಿನವರದು ಮಕ್ಕಳ ಮನಸ್ಸು, ಬೇಗ ಕೆಡುತ್ತೆ. ನಾಳೆ ವ್ಯಾನಲ್ಲಿ ಮಾನಸಿಕ ಆಸ್ಪತ್ರೆಗೆ ಕಳಿಸೋಣ" ಎಂದರು. ಬಿಳಿಯರ ಕಾಲದ ಇಂಥದೇ ಮಾತು ನಮ್ಮ ಕಾಲೇಜಿನ ಹಳೇ ಪುಸ್ತಕದಲ್ಲೂ ಇತ್ತು. ಪರೀಕ್ಷೆಗೆಂದು ನಾನದಕ್ಕೆ ಗೆರೆ ಬೇರೆ ಎಳೆದಿದ್ದೆ.

ಹೊರಗೆ ಬಂದು ಹೇಳಿದರೆ ಅವ್ವ ಉರಿದುಬಿದ್ದಳು. "ನಿನ್ನ ಓದಿಗಿಷ್ಟು ಬೆಂಕಿ ಹಾಕ! ಪೈತ್ಯ ಅಂತ ಬರ್ದು ಬಂದ್ಯಾ? ಮೂರು ದಿನದ ನೇಮ ಅಂತ ಬರೆಯೋಕೆ ಏನಾಗಿತ್ತು?"

ಓಡಿಹೋಗಿ ಡಾಕ್ಟರನ್ನು ಬೇಡಿ, ಸಂಜೆಯೊಳಗೆ ಹೊಲಕ್ಕೆ ಕರೆತಂದೆ. ಪಾಟಿ ಆಗಲೇ ಬಳ್ಳಿಗಳ ನಡುವೆ ಇದ್ದಳು. ಸಾಲುಸಾಲಾಗಿ ಹೂ ಉದುರಿ ಬಿದ್ದಿತ್ತು. ಸೀರೆಯಂಚು ಕಟ್ಟಿದ ಬಳ್ಳಿಗಳಲ್ಲಿ ಮಾತ್ರ ಎಳೆಗಾಯಿ.

"ಸಾರ್, ಮಳೆ ತಪ್ಪಿದರೂ ತಾಳೋ ಬಳ್ಳಿಯ ಬೀಜ ಎತ್ತಿಡ್ತಾಳೆ. ಮುಂದಿನ ವರ್ಷ ಅದನ್ನೇ ಬಿತ್ತೋದು. ನಾನು ಮೂರು ವರ್ಷ ಓದಿದ್ದೂ ಇದನ್ನೇ. ತಪ್ಪು ಬರೆದೆ."

ಅವರು ಬಹಳ ಹೊತ್ತು ಕಾಯಿ ಮುಟ್ಟಿ ನೋಡಿದರು. ಆಮೇಲೆ ಒಂದು ಬಳ್ಳಿಯ ಮುಂದೆ ಬಗ್ಗಿ, "ಪಾಟಿಯ ಮಂಡಿನೋವು ಹೇಗಿದೆಯಂತೆ?" ಎಂದು ಕೇಳಿದರು.

ಪಾಟಿಯೂ ಬಳ್ಳಿಗೇ ಹೇಳಿದಳು: "ಅಯ್ಯಂಗೆ ಹೇಳು, ಈಗ ದಾರಿಗೆ ಬಂದವ್ರೆ."

ಡಾಕ್ಟರು ನಗುತ್ತಲೇ ಫಾರಂ ಹರಿದರು. ನಾನು ಚೂರುಗಳನ್ನೆಲ್ಲ ಆಯ್ದುಕೊಂಡೆ.

ನೇಮ ಮುಗಿದ ಮೇಲೆ ಪಾಟಿ ಅಂದದ್ದು ಇಷ್ಟೇ: "ನಾ ಬಳ್ಳಿ ಜೊತೆ ಮಾತಾಡ್ದಂಗೆ ನೀ ಪೇಪರ್ ಜೊತೆ ಪೇಸ್ದೆ, ನನ್ನ ಕಣ್ಣು. ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಬೈಯಲಿಲ್ಲ. ಕೆನ್ನೆ ಹಿಂಡಿದಳು.

ಎರಡು ವರ್ಷದ ಮೇಲೆ ತನ್ನ ಗುಡಿಸಲಲ್ಲಿ, ತನ್ನ ಚಾಪೆಯ ಮೇಲೆ ತೀರಿಹೋದಳು. ಅದಕ್ಕೂ ವಾರದ ಹಿಂದೆ ಸೀರೆಯಂಚಿನಲ್ಲಿ ಕಟ್ಟಿದ ಬೀಜದ ಗಂಟನ್ನು ನನ್ನ ಮಡಿಲಿಗೆ ಹಾಕಿದ್ದಳು.

ಈ ವರ್ಷವೂ ಮಳೆ ತಡ. ನೇಮದ ಎರಡನೇ ದಿನ ಹೊಲದಲ್ಲಿ ನಿಂತು ಬಳ್ಳಿಗಳಿಗೆ ಜೋರಾಗಿ ಬೈಯುತ್ತಿದ್ದೆ. ದಾರಿಯಲ್ಲಿ ಯಾರೋ ಸ್ಕೂಟರ್ ನಿಲ್ಲಿಸಿ, "ಟೀಚರಮ್ಮಾ, ಯಾರ ಜೊತೆ ಮಾತು?" ಎಂದರು.

ನಾನು ಬಳ್ಳಿಗೆ ಹೇಳಿದೆ: "ನಾಳಿದ್ದು ಬರೋಕೆ ಹೇಳು."