ಐವೊ ನನ್ನನ್ನು ಕೆಡವಿದ ಮಧ್ಯಾಹ್ನ

ಐವತ್ತೆರಡನೆಯ ವಯಸ್ಸಿನಲ್ಲಿ, ಖಾನಾಪುರದ ಕೆಮ್ಮಣ್ಣಿನ ಮೈದಾನದಲ್ಲಿ, ಕ್ರೊಯೇಷಿಯಾದ ಮನುಷ್ಯನೊಬ್ಬ ನನ್ನನ್ನು ಅಂಗಾತ ಕೆಡವಿದ. ದೂರು ಹೇಳುತ್ತಿಲ್ಲ, ಜಂಬ ಕೊಚ್ಚುತ್ತಿದ್ದೇನೆ.

ನಾನು ಬೆಳಗಾವಿಯ ಕಾಲೇಜೊಂದರಲ್ಲಿ ಸಂಸ್ಕೃತ ಕಲಿಸುವವನು. ಭಾನುವಾರ ಮಾತ್ರ ಫುಟ್‌ಬಾಲಿನ ಫಾರ್ವರ್ಡ್. ಶಿವಬಸವ ನಗರದ ನಮ್ಮ ನಡುವಯಸ್ಸಿನ ತಂಡದಲ್ಲಿ ಓಡುವವರಿಗಿಂತ ಸೊಂಟ ಹಿಡಿದು ನಿಲ್ಲುವವರೇ ಹೆಚ್ಚು. ವರ್ಷಕ್ಕೊಮ್ಮೆ ಖಾನಾಪುರದವರೊಡನೆ ಪಂದ್ಯ, ವರ್ಷಕ್ಕೊಮ್ಮೆ ಸೋಲು. ಈ ಸಲ ಗೋಲು ಹೊಡೆದೇ ತೀರುತ್ತೇನೆಂದು ಹೆಂಡತಿ ಸುವರ್ಣಾಳಿಗೆ ಮಾತು ಕೊಟ್ಟು, ಸಾಕ್ಷಿಗೆಂದು ಅವಳನ್ನೂ ರೈಲು ಹತ್ತಿಸಿದೆ.

ರೈಲಿನ ಡಬ್ಬಿಯೊಳಗೆ ಖಾನಾಪುರ ತಂಡದ ನಾಯಕ ಪುಂಡಲೀಕ ಕುಳಿತಿದ್ದ. ಪಕ್ಕದಲ್ಲಿ ಬಾಗಿಲಿನಷ್ಟು ಎತ್ತರದ ಬಿಳಿಯನೊಬ್ಬ ಕಣ್ಣು ಮುಚ್ಚಿಕೊಂಡು ಕುಂದಾ ತಿನ್ನುತ್ತಿದ್ದ.

“ಇವ್ರು ಐವೊ ಅಂತ್ರೀ ಸರ, ಕ್ರೊಯೇಷಿಯಾದವ್ರು. ಗೋವಾದಾಗ ಫುಟ್‌ಬಾಲ್ ಆಡಾಕ ಬಂದವ್ರು, ನಮ್ಮ ತಮ್ಮನ ಮನಿ ಬಾಜೂಕ ಇರ್ತಾರ. ಬೆಳಗಾವಿ ಕುಂದಾ ತಿನಿಸಾಕ ಕರಕೊಂಡ ಬಂದಿದ್ದೆ. ಇವತ್ತ ನಮ್ಮ ಡಿಫೆಂಡರ್.”

“ಪುಂಡಲೀಕ, ಇದು ಮೋಸ!”

“ರಿಟೈರ್ ಆಗ್ಯಾರ್ರೀ. ಮೊಣಕಾಲ ಎರಡೂ ಆಪರೇಶನ್ ಆಗ್ಯಾವ, ಖರೇ!”

ದೇಸೂರ ದಾಟುವಷ್ಟರಲ್ಲಿ ಐವೊನ ಕಥೆ ಶುರುವಾಯಿತು. ಅವನದು ಮುರುಕು ಇಂಗ್ಲಿಷು, ಪುಂಡಲೀಕನದು ಮರಾಠಿ ಬೆರೆತ ಕನ್ನಡ. ನಡುವೆ ಸುವರ್ಣಾಳ ಚಕ್ಕಲಿ. ಕಡಲ ದಂಡೆಯ ಸಣ್ಣ ಊರಿನ ಹುಡುಗ ಐವೊ ನನ್ನ ಹಾಗೆಯೇ ಫಾರ್ವರ್ಡ್ ಆಗಿದ್ದನಂತೆ. ಒಂದು ದಿನ ಯಾರೋ ಬರಲಿಲ್ಲವೆಂದು ಕೋಚ್, “ಇವತ್ತೊಂದಿನ ಹಿಂದೆ ನಿಲ್ಲು” ಎಂದ. ಆ ಒಂದು ದಿನ ಇಪ್ಪತ್ತು ವರ್ಷ ನಡೆಯಿತು. ಆಸ್ಟ್ರಿಯಾ, ಸೈಪ್ರಸ್, ಕೊನೆಗೆ ಗೋವಾ. ಒಮ್ಮೆ ದೇಶದ ತಂಡಕ್ಕೂ ಕರೆ ಬಂತು. ಪಂದ್ಯವಿಡೀ ಬೆಂಚಿನ ಮೇಲೆ ಕುಳಿತು ಎದ್ದುಬಂದ. ಜೀವಮಾನದಲ್ಲಿ ಹೊಡೆದ ಗೋಲು ಒಂದೇ, ಅದೂ ತಪ್ಪಿ ತನ್ನದೇ ತಂಡದ ಗೋಲಿಗೆ! ತಾಯಿ ಪತ್ರಿಕೆಯಲ್ಲಿ ಮಗನ ಹೆಸರು ಹುಡುಕುತ್ತಿದ್ದಳಂತೆ; ಅವನನ್ನು ಮೈದಾನದಿಂದ ಹೊರಗೆ ಹಾಕಿದಾಗ ಮಾತ್ರ ಸಿಗುತ್ತಿತ್ತಂತೆ.

ನಮ್ಮ ತಾರ್ಕಿಕರು ‘ಅಭಾವ’ವನ್ನೂ ಒಂದು ಪದಾರ್ಥವೆಂದು ಎಣಿಸಿದ್ದಾರೆ. ನೆಲದ ಮೇಲೆ ಗಡಿಗೆ ಇಲ್ಲವೆಂಬುದೂ ಅವರಿಗೆ ಒಂದು ಅರಿವೇ. ಇದನ್ನು ವರ್ಷಗಟ್ಟಲೆ ಪಾಠ ಮಾಡಿದರೂ ನನಗೆ ಅರ್ಥವಾದದ್ದು ಆ ರೈಲಿನಲ್ಲಿ. ತಾನು ತಡೆದದ್ದರಿಂದ ಆಗದೇ ಹೋದ ಗೋಲುಗಳೇ ಈ ಮನುಷ್ಯನ ಗಳಿಕೆ. ಅವನ್ನು ಯಾರಿಗೆ ತೋರಿಸುವುದು, ಯಾವ ಗೋಡೆಗೆ ತೂಗುಹಾಕುವುದು?

ಈ ತತ್ತ್ವಜ್ಞಾನ ಮೈದಾನದಲ್ಲಿ ಉಪಯೋಗಕ್ಕೆ ಬರಲಿಲ್ಲ. ಐವೊ ಓಡುತ್ತಲೇ ಇರಲಿಲ್ಲ. ನಾನು ಎಲ್ಲಿಗೆ ಹೋಗಬೇಕೆಂದುಕೊಂಡೆನೋ ಅಲ್ಲಿ ಮೊದಲೇ ನಿಂತಿರುತ್ತಿದ್ದ. ಜನ ಅವನ ಹೆಸರು ಕೂಗಿದರೆ ಅದು “ಅಯ್ಯೋ! ಅಯ್ಯೋ!” ಎಂದೇ ಕೇಳುತ್ತಿತ್ತು. ನನ್ನ ಮೇಲಿನ ಕನಿಕರವೇನೋ ಎಂದು ಎರಡು ಸಲ ಕೃತಜ್ಞತೆಯಿಂದ ತಿರುಗಿ ನೋಡಿದೆ.

ವಿರಾಮದಲ್ಲಿ ಮಾನ ಬಿಟ್ಟು ಅವನ ಕಿವಿಯಲ್ಲಿ ಹೇಳಿದೆ: “ಹೆಂಡತಿ ಬಂದಿದ್ದಾಳೆ. ಒಂದೇ ಒಂದು ಸಲ ಬಿಟ್ಟುಬಿಡು.” ಅವನು ಸುವರ್ಣಾಳ ಕಡೆ ನೋಡಿ, ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. ಒಪ್ಪಂದವಾಯಿತೆಂದು ನಾನು ಗಾಳಿಯಲ್ಲಿ ತೇಲಿದೆ.

ಪಂದ್ಯ ಮುಗಿಯುವ ಹೊತ್ತಿಗೆ, ಇನ್ನೂ ಯಾರೂ ಗೋಲು ಹೊಡೆಯದಿದ್ದಾಗ, ಚೆಂಡು ನನ್ನ ಕಾಲಿಗೆ ಬಂತು. ಎಡಕ್ಕೆ ವಾಲಿ ಬಲಕ್ಕೆ ನುಗ್ಗಿದೆ. ಐವೊ ಹಿಂದೆ ಬಿದ್ದ! ಮುಂದೆ ಗೋಲುಕಂಬ, ಬೆದರಿದ ಗೋಲ್‌ಕೀಪರ್, ನನ್ನ ಜನ್ಮದ ಸಾರ್ಥಕ್ಯ. ಅಷ್ಟರಲ್ಲಿ ಬೆನ್ನ ಹಿಂದೆ ಧಡಧಡ ಸದ್ದು. ಆ ಹೊಲಿಗೆ ಬಿದ್ದ ಮೊಣಕಾಲುಗಳು ಓಡಿ ಬಂದು, ಜಾರಿ, ಚೆಂಡನ್ನಷ್ಟೇ ಎತ್ತಿ ಒಯ್ದವು. ನಾನು ಹಾರಿ, ಉರುಳಿ, ಅಂಗಾತ ಬಿದ್ದೆ. ನೆಲದ ಮೇಲೆ ಇಬ್ಬರೂ ಎದ್ದೇಳಲಾಗದೆ ಮಲಗಿ, ಯಾಕೆಂದು ಗೊತ್ತಿಲ್ಲದೆ, ಹೊಟ್ಟೆ ಹಿಡಿದು ನಕ್ಕೆವು. ಅವನು ಏದುಸಿರಿನಲ್ಲಿ ಏನೋ ಹೇಳಿದ; ಆ ಮುರುಕು ಇಂಗ್ಲಿಷು ನನಗೆ ತಿಳಿಯಲಿಲ್ಲ.

ಎಬ್ಬಿಸಲು ಬಂದ ಪುಂಡಲೀಕ ಅವನನ್ನು ಮತ್ತೆ ಕೇಳಿ ಅರ್ಥ ಹೇಳಿದ: “ಬಿಡಬೇಕಂತನ ಇದ್ನಂತ್ರೀ ಸರ. ಆದ್ರ ನೀವು ಅಷ್ಟ ಚಲೋ ಬಂದ್ರಿ, ಕಾಲ ಮಾತ ಕೇಳಲಿಲ್ಲಂತ.”

ಪಂದ್ಯ ಸಮವಾಯಿತು. ಮಾತು ತಪ್ಪಿದ ಗಂಡ ತಲೆ ತಗ್ಗಿಸಿ ಹೋದರೆ, ಸುವರ್ಣಾ ಸೆರಗಿನಿಂದ ನನ್ನ ಮುಖದ ಮಣ್ಣು ಒರೆಸುತ್ತ ಬೀಗುತ್ತಿದ್ದಳು. “ಗೋಲ ಹೋಗ್ಲಿ ಬಿಡ್ರಿ. ಅಂಥಾ ಮನಿಷ್ಯಾ ನಿಮ್ಮ ಹಿಂದ ಓಡಬೇಕಾತಲ್ಲ!”

ಶಾಲು ಹೊದಿಸಿದವರು, ಹಾರ ಹಾಕಿದವರು ನನಗೂ ಸಿಕ್ಕಿದ್ದಾರೆ. ಆದರೆ ನನ್ನನ್ನು ತಡೆಯಲೇಬೇಕೆಂದು ಯಾರಿಗಾದರೂ ಅನಿಸಿದ್ದು ಅದೇ ಮೊದಲು.