ಟಾಕಿಯಲ್ಲಿ ನೀರಿತ್ತೋ ಇಲ್ಲವೋ

ಆ ದಿನ ನಮ್ಮ ಕೊಡ ಖಾಲಿ ಉಳಿದದ್ದು ಬರಗಾಲದಿಂದಲ್ಲ, ನನ್ನ ಬಾಯಿಂದ. ಅರ್ಧ ಓಣಿ ಮನೆಗೆ ಬೀಗ ಹಾಕಿ ಹೈದರಾಬಾದಿಗೆ ದುಡಿಯಲು ಹೋಗಿತ್ತು. ಔರಾದಿನಲ್ಲಿ ಉಳಿದ ನಮಗೆ ಎರಡು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು. ಮನೆಯಲ್ಲಿ ಕುಡಿಯಲು ಒಂದು ತಂಬಿಗೆ ನೀರಷ್ಟೇ ಇತ್ತು.

ಕೊಡ ಪಾಳಿಗಿಟ್ಟು ಕೂತಾಗ, ಬೀದರದ ಕಾಲೇಜಿನಿಂದ ಬಂದಿದ್ದ ಮೊಮ್ಮಗಳು ಮೊಬೈಲ್ ತೋರಿಸಿದಳು. ಮುಂದೆಂದೋ ಬರಲಿರುವ ವಿಡಿಯೋ ಆಟದ ಜಾಹೀರಾತು. ಗುಡ್ಡದಷ್ಟು ಎತ್ತರದ ಎರಡು ಪ್ರಾಣಿಗಳು ಊರ ನಡುವೆ ಹೊಡೆದಾಡುತ್ತಿದ್ದವು. ಒಂದು ಪ್ರಾಣಿ ನೀರಿನ ಟಾಕಿಯನ್ನೇ ಕಿತ್ತು ಇನ್ನೊಂದರ ತಲೆಗೆ ಎಸೆಯಿತು.

"ತುಂಬಿದ ಟಾಕಿ ಒಗೀತು ನೋಡು, ಇದರ ಕೈ ಮುರೀಲಿ" ಎಂದೆ.

ಭಾಲ್ಕಿಯಿಂದ ಸೊಸೆಯಾಗಿ ಬಂದ ಪಕ್ಕದ ಮನೆಯವಳು ಬಗ್ಗಿ ನೋಡಿದಳು. "ಖಾಲಿ ಅದ ರೀ ಅಕ್ಕಾ. ತುಂಬಿದ್ರ ಅಷ್ಟು ಹಗುರ ಏಳ್ತದೇನ್ರಿ?"

"ನಿಮ್ಮ ಭಾಲ್ಕಿ ಟಾಕಿ ಖಾಲಿ ಇದ್ರ ಎಲ್ಲಾರ ಟಾಕಿ ಖಾಲಿ ಇರ್ತಾವೇನ?"

ಹೆಂಗಸರು ಎರಡು ಪಕ್ಷವಾದರು.

"ಆಯಿ, ಆಟ ಇನ್ನಾ ಬಂದೇ ಇಲ್ಲ" ಎಂದಳು ಮೊಮ್ಮಗಳು. "ಟ್ಯಾಂಕರ್ ಬಂದದ."

ಕೇಳುವವರು ಯಾರು? ನಾವು ತಿರುಗಿ ನೋಡುವಷ್ಟರಲ್ಲಿ ಆಚೆ ಓಣಿಯವರು ಪೈಪು ಹಿಡಿದು ಇದ್ದಷ್ಟೂ ನೀರು ತುಂಬಿಕೊಂಡಿದ್ದರು.

ಮರುದಿನ ಬೆಳಿಗ್ಗೆ ಆ ಭಾಲ್ಕಿಯವಳೂ ನಾನೂ ದೂರದ ಹೊಲದ ಬಾವಿಗೆ ಹೋದೆವು. ತುಂಬಿದ ಕೊಡ ಹೊತ್ತು ಬರುವಾಗ ಅರ್ಧ ದಾರಿಯಲ್ಲೇ ನನ್ನ ಸೊಂಟ ಹಿಡಿಯಿತು. ಕೊಡ ಇಳಿಸಿ, "ಆ ಟಾಕಿ ಖಾಲಿನೇ ಇತ್ತು ಬಿಡವಾ" ಎಂದೆ.