ತಳ್ಳೋ ಅಳಿಯನ ಆರುನೂರೈವತ್ತು ಸಿಸಿ

ಒಂದು ಲಕ್ಷ ನಲವತ್ತು ಸಾವಿರ ಕೊಟ್ಟು ಆ ಬೈಕು ತೆಗೆದುಕೊಂಡೆ. ಆರುನೂರೈವತ್ತು ಸಿಸಿ, ಎರಡು ಸಿಲಿಂಡರು, ಟೈರು ಇನ್ನೂ ಚೆನ್ನಾಗಿತ್ತು. ಕಣ್ಣು ಮುಚ್ಚಿ ಎರಡು ಲಕ್ಷ ಹೇಳಬಹುದಾದ ಗಾಡಿ. ಅಷ್ಟು ಇಳಿಸಿಕೊಟ್ಟಿದ್ದು ಒಂದು ಲೀಟರ್ ಪೆಟ್ರೋಲು. ಆ ದಿನ ನಾನು ಮಾಡಿದ ಕೆಲಸವೆಂದರೆ ಬಾಯಿ ಮುಚ್ಚಿಕೊಂಡು ನಿಂತದ್ದು.

ನಾನು ಚಳ್ಳಕೆರೆಯ ಮಾರ್ಕೆಟ್ಟಿನಲ್ಲಿ ಮೊದಲು ಶೇಂಗಾ ಚೀಲ ಹೊತ್ತವನು, ಆಮೇಲೆ ಶೇಂಗಾ ದಲ್ಲಾಳಿ, ಈಗ ಹಳೇ ಬೈಕುಗಳ ವ್ಯಾಪಾರಿ. ಶೇಂಗಾ ಕೊಳ್ಳುವವನು ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಸುಲಿದು, ಕಾಳೆಷ್ಟು ಹೊಟ್ಟೆಷ್ಟು ನೋಡುತ್ತಾನೆ. ನಮ್ಮ ಕಡೆಯವರು ಬೈಕನ್ನೂ ಹಾಗೇ ನೋಡುತ್ತಾರೆ. ಟ್ಯಾಂಕು ಪೂರ್ತಿ ಬರಿದು ಮಾಡಿ, ಬಾಟಲಿಯಲ್ಲಿ ಅಳೆದು ಒಂದು ಲೀಟರ್ ಸುರಿದು, ನಿಲ್ಲುವವರೆಗೂ ಓಡಿಸುತ್ತಾರೆ. ಎಲ್ಲಿ ನಿಂತಿತೋ ಅಲ್ಲಿಗೆ ಅದರ ಯೋಗ್ಯತೆ ಮುಗಿಯಿತು. "ಎಷ್ಟು ಕೊಡ್ತೈತೆ?" ಅನ್ನುವುದು ಇಲ್ಲಿ ಗಾಡಿಯ ಬಗ್ಗೆ ಕೇಳುವ ಮೊದಲ ಪ್ರಶ್ನೆ. ಬಹಳ ಸಲ ಅದೇ ಕೊನೆಯದೂ ಹೌದು.

ಮಾರಲು ಬಂದವನು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಅಂಗಡಿ ಇಟ್ಟುಕೊಂಡಿದ್ದ ಯುವಕ. ಸೀರೆ ಮಾರಿ ಗಳಿಸಿದ್ದನ್ನೆಲ್ಲ ಬೈಕಿಗೆ ಸುರಿದಿದ್ದ. ಕಂಪನಿಯ ಸೈಲೆನ್ಸರ್ ಕಿತ್ತು ಗುಡುಗುವ ಕೊಳವೆ ಹಾಕಿಸಿದ್ದ. ಏರ್ ಫಿಲ್ಟರಿನ ಡಬ್ಬಿ ತೆಗೆದು ಬರೀ ಜಾಲರಿಯ ಫಿಲ್ಟರು ಕೂರಿಸಿದ್ದ. ಬೇಗ ಎಗರಲಿ ಅಂತ ಮುಂದೆ ಚೈನು ಕೂರುವ ಹಲ್ಲಿನ ಚಕ್ರ, ಸ್ಪ್ರಾಕೆಟ್ಟು, ಚಿಕ್ಕದು ಹಾಕಿಸಿದ್ದ. ಲೀಟರಿಗೆ ಇಪ್ಪತ್ತೈದು ಕೊಡುತ್ತಿದ್ದ ಗಾಡಿ ಹದಿನೆಂಟಕ್ಕೆ ಇಳಿದಿತ್ತು. ಕಳೆದ ಏಳು ಕಿಲೋಮೀಟರಿಗೆ ಬದಲಾಗಿ ಅವನಿಗೆ ಸಿಕ್ಕಿದ್ದು ಸದ್ದು. ಆ ಸದ್ದಿಗೇ ಅವನು ಪವರ್ ಅನ್ನುತ್ತಿದ್ದ.

ಅವನಿಗೆ ಮಾರುವ ಮನಸ್ಸಿರಲಿಲ್ಲ. ಹೆಂಡತಿ ಹೆರಿಗೆಗೆಂದು ತವರಿಗೆ, ಗೌರಸಮುದ್ರಕ್ಕೆ ಹೋಗಿದ್ದಳು. ಮಗುವಾಗಿ, ಬಾಣಂತನ ಮುಗಿದು, ಕರೆದುಕೊಂಡು ಬರುವ ಹೊತ್ತಿಗೆ ಅವಳ ಅಪ್ಪ ಬಾಗಿಲಲ್ಲಿ ನಿಂತು, ದುಡ್ಡು ನುಂಗುವ ಆ ಗಾಡಿ ಹೋಗುವ ತನಕ ಮಗಳು ಬರುವುದಿಲ್ಲ ಎಂದುಬಿಟ್ಟಿದ್ದರು. ಅವನು ಎತ್ತಿಕೊಳ್ಳಲು ಹೋದರೆ ಮಗುವನ್ನೂ ಒಳಗೆ ಕಳಿಸಿದರಂತೆ. ಮಾರುವುದನ್ನು ಕಣ್ಣಾರೆ ನೋಡಬೇಕೆಂದು ಆ ಮಾವನೂ ತಮ್ಮ ಹಳೇ ನೂರು ಸಿಸಿ ಬೈಕಿನಲ್ಲಿ ನನ್ನ ಅಂಗಡಿಗೆ ಬಂದರು.

"ಲೀಟರ್ ಹಾಕಿ ನೋಡ್ರಿ ಮೊದ್ಲು," ಅಂದರು ಮಾವ, ಹೆಗಲ ಮೇಲಿನ ಟವೆಲ್ ಕೊಡವುತ್ತ. "ನನ್ ಗಾಡಿಗೂ ಒಂದ್ ಲೀಟ್ರು, ಅಳಿಯಂದ್ರು ಗಾಡಿಗೂ ಒಂದ್ ಲೀಟ್ರು."

"ಮಾವಾ, ಇದು ಮೈಲೇಜ್ ನೋಡಿ ತಗಳ್ಳೋ ಗಾಡಿ ಅಲ್ಲ."

"ಮತ್ಯಾತಕ್ಕೆ ತಗಂತಾರಪ್ಪಾ? ಕುಂಕುಮ ಇಟ್ಟು ಪೂಜೆ ಮಾಡಾಕಾ?"

ಅವನು ನನ್ನ ಕಡೆ ತಿರುಗಿದ. "ಅಣ್ಣಾ, ನೀವಾದ್ರೂ ಹೇಳಿ. ಆರ್ನೂರೈವತ್ತು ಸಿಸಿಗೂ ನೂರು ಸಿಸಿಗೂ ಪಂದ್ಯಾನಾ?"

"ಗಾಡಿ ನಿಂದು, ಮಾವನೂ ನಿಮ್ಮಾವನೇ. ನಡುವೆ ನಾನ್ಯಾಕೆ ಬರ್ಲಿ?" ಅಂದೆ.

ಹೇಳಬೇಕಾದದ್ದು ನನ್ನ ಹತ್ತಿರ ಇತ್ತು. ಹಳೇ ಚಿಕ್ಕ ಬೈಕುಗಳಲ್ಲಿ ಪೆಟ್ರೋಲು ಟ್ಯಾಂಕಿನ ತಳದ ನಲ್ಲಿಯಿಂದ ಕೊನೆಯ ಹನಿಯವರೆಗೂ ತಾನಾಗಿ ಇಳಿಯುತ್ತದೆ. ಲೀಟರ್ ಹಾಕಿ ಅಳೆಯುವ ಪದ್ಧತಿ ಹುಟ್ಟಿದ್ದೇ ಆ ಗಾಡಿಗಳಿಗೆ. ಈ ದೊಡ್ಡ ಗಾಡಿಯ ಟ್ಯಾಂಕು ಕುದುರೆಯ ಜೀನಿನ ಹಾಗೆ ಎರಡು ಕಡೆ ಇಳಿಬಿದ್ದಿರುತ್ತದೆ, ಪಂಪು ಕೂತಿರುವುದು ಒಂದು ಕಡೆ ಮಾತ್ರ. ಒಂದೇ ಲೀಟರ್ ಸುರಿದರೆ ಹತ್ತಿರ ಹತ್ತಿರ ಅರ್ಧ ಆಚೆ ಮಗ್ಗುಲಲ್ಲಿ ನಿಂತುಬಿಡುತ್ತದೆ, ಎಂಜಿನ್ನಿಗೆ ಸಿಗುವುದಿಲ್ಲ. ಅವನಿಗೆ ಇದು ಗೊತ್ತಿರಲಿಲ್ಲ. ಗಾಡಿಯ ಜೊತೆ ಬಂದ ಪುಸ್ತಕದ ಪ್ಲಾಸ್ಟಿಕ್ಕು ಕೂಡ ಅವನು ಹರಿದಿರಲಿಲ್ಲ.

ಅವನ ಟ್ಯಾಂಕಿನಿಂದ ತೆಗೆದ ಪೆಟ್ರೋಲನ್ನು ಕ್ಯಾನಿಗೆ ತುಂಬಿ ನನ್ನ ಸ್ಕೂಟರಿನಲ್ಲಿಟ್ಟುಕೊಂಡೆ. ಎರಡೂ ಗಾಡಿಗೆ ಒಂದೊಂದು ಲೀಟರ್ ಅಳೆದು ಸುರಿದು ಬಳ್ಳಾರಿ ರಸ್ತೆಗೆ ಬಿದ್ದೆವು. ಹೆಂಡತಿ ಮಗುವಿಗಾಗಿ ಗಾಡಿ ಮಾರಲು ಬಂದಿದ್ದರೂ ಹುಡುಗನ ಮಣಿಕಟ್ಟು ಸುಮ್ಮನಿರಲಿಲ್ಲ. ಮಾವನಿಗೆ ಪವರ್ ತೋರಿಸುವ ಹುರುಪಿನಲ್ಲಿ ಆಕ್ಸಿಲರೇಟರ್ ತಿರುವಿದ್ದೇ ತಿರುವಿದ್ದು. ಮಾವ ಟವೆಲನ್ನು ತಲೆಗೆ ಸುತ್ತಿಕೊಂಡು ಎತ್ತಿನಗಾಡಿಗಿಂತ ಸ್ವಲ್ಪ ಜೋರಾಗಿ ಬರುತ್ತಿದ್ದರು.

ಆ ದಾರಿಯ ಊರು ತಳಕು ಇನ್ನೂ ದೂರವಿರುವಾಗಲೇ ದೊಡ್ಡ ಗಾಡಿ ಕೆಮ್ಮಿ ನಿಂತಿತು. ನಾವು ಹೋಗಿ ತಲುಪಿದಾಗ ಅವನು ಮತ್ತೆ ಮತ್ತೆ ಬಟನ್ ಒತ್ತುತ್ತಿದ್ದ. ಮಾವ ಬೈಕಿನಿಂದ ಇಳಿಯದೆ ಅವನ ಸುತ್ತ ಒಂದು ಸುತ್ತು ಹೊಡೆದರು.

"ಏನ್ರೀ ಅಳಿಯಂದ್ರೇ, ಇಷ್ಟ್ ಬೇಗ ಇಳಿದ್ರಿ? ಒಂದಕ್ಕೇನಾರ ಬಂತಾ?"

"ಅಣ್ಣಾ, ಆ ಕ್ಯಾನ್ ಕೊಡಿ," ಅಂದ ನನಗೆ.

"ಬ್ಯಾಡ," ಅಂದರು ಮಾವ. "ತಳ್ಳಲಿ. ತಳ್ಳಿದ್ರೆ ಗೊತ್ತಾಗ್ತೈತೆ ಸಿಸಿ ಅಂದ್ರೆ ಏನು ಅಂತ."

ನಾನು ಕ್ಯಾನ್ ಕೊಡಲಿಲ್ಲ. ಇನ್ನೂರು ಕಿಲೋ ದಾಟಿದ ಕಬ್ಬಿಣವನ್ನು ಬಿಸಿಲಿನಲ್ಲಿ ತಳ್ಳುವವನ ಕತ್ತಿನಿಂದ ಬೆವರಿನ ಜೊತೆ ಬೆಲೆಯೂ ಎಷ್ಟು ಸಲೀಸಾಗಿ ಇಳಿಯುತ್ತದೆ ಎಂಬುದನ್ನು ನೋಡಿದವನಿಗೇ ಗೊತ್ತು. ಮುಂದಿನ ಟೀ ಅಂಗಡಿ ಮುಟ್ಟುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಅಲ್ಲಿ ಕೂತಿದ್ದವರಲ್ಲಿ ಒಬ್ಬ ಕೂಗಿದ, "ಲೇ, ಎಷ್ಟು ಕೊಡ್ತೈತಲೇ ಅದು?"

ಉತ್ತರ ಕೊಟ್ಟವರು ಮಾವ. "ಬೆವ್ರು ಲೀಟರ್‌ಗಟ್ಲೆ ಕೊಡ್ತೈತೆ ಕಣಪ್ಪಾ!"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಲ್ಲೇ ಬೆಂಚಿನ ಮೇಲೆ ವ್ಯಾಪಾರ ಆಯಿತು. ದನದ ಸಂತೆಯಲ್ಲಿ ಮಾಡುವ ಹಾಗೆ ಮಾವ ಟವೆಲ್ ಹರಡಿದರು, ಅದರ ಕೆಳಗೆ ಅವರೂ ನಾನೂ ಕೈ ಇಟ್ಟೆವು. ಬೆರಳು ಹಿಡಿದು ಬೆಲೆ ಹೇಳುವುದು, ಬೆರಳು ಮಡಚಿ ಇಳಿಸುವುದು, ಹೊರಗಿನವರಿಗೆ ಏನೂ ಕಾಣುವುದಿಲ್ಲ. ಆ ದಿನ ಹೊರಗೆ ನಿಂತಿದ್ದವನು ಗಾಡಿಯ ಮಾಲೀಕ.

"ಎಷ್ಟಕ್ಕೆ ಮಾವಾ?" ಅಂದ.

"ತಳ್ಳಿ ಸುಸ್ತಾಗಿದೀರಿ, ಟೀ ಕುಡೀರಿ," ಅಂದರು ಮಾವ.

ನಾನು ಹೆಚ್ಚು ಎಳೆಯಬೇಕಾಗಲಿಲ್ಲ. ಗಾಡಿ ಕಡಿಮೆಗೆ ಹೋದಷ್ಟೂ ಅದಕ್ಕೆ ಯೋಗ್ಯತೆ ಇಲ್ಲವೆಂಬ ಮಾವನ ಮಾತು ನಿಜವಾಗುತ್ತಿತ್ತು. ಮಾರುವವನ ಕಡೆಯವನೇ ಬೆಲೆ ಇಳಿಸಲು ಕೂತಿರುವಾಗ ಕೊಳ್ಳುವವನಿಗೆ ಬೆರಳು ಚಾಚುವುದಷ್ಟೇ ಕೆಲಸ. ಟವೆಲ್ ತೆಗೆದ ಮೇಲೆ ಬೆಲೆ ಕೇಳಿ ಹುಡುಗ "ಅಯ್ಯೋ ದೇವುಡಾ" ಅಂದ. ಮಾವ ಅವನ ಮುಖ ನೋಡಿ, "ನಾಳೆ ಬಂದು ಹೆಂಡ್ತಿ ಕರ್ಕಂಡ್ ಹೋಗ್ರಿ," ಅಂದರು. ಅವನು ಜೇಬಿನಿಂದ ಕೀಲಿ ತೆಗೆದು ನನ್ನ ಕೈಗಿಟ್ಟ. ಆಮೇಲೆ ಕ್ಯಾನಿನ ಪೆಟ್ರೋಲು ಸುರಿದು ಗಾಡಿಯನ್ನು ನಾನೇ ಓಡಿಸಿಕೊಂಡು ಬಂದೆ.

ಕಾಗದಪತ್ರ ಕೊಡಲು ಬಂದಾಗ ಅವನು ಒಂದು ಚೀಲವನ್ನೂ ತಂದಿದ್ದ. ಅದರಲ್ಲಿ ಕಂಪನಿಯ ಸೈಲೆನ್ಸರು, ಫಿಲ್ಟರಿನ ಡಬ್ಬಿ, ಹಳೇ ಸ್ಪ್ರಾಕೆಟ್ಟು ಎಲ್ಲ ಇದ್ದವು. "ಮನೇಲಿ ಬಿದ್ದಿದ್ವು, ಇಟ್ಕಳ್ಳಿ ಅಣ್ಣಾ," ಅಂದ. ಇಟ್ಟುಕೊಂಡೆ. ಎಲ್ಲವನ್ನೂ ತಿರುಗಿ ಜೋಡಿಸಿದೆ, ಗಾಡಿ ಮತ್ತೆ ಇಪ್ಪತ್ತೈದು ಕೊಡತೊಡಗಿತು. ಬಳ್ಳಾರಿಯ ಒಬ್ಬ ಕಂಟ್ರಾಕ್ಟರಿಗೆ ಎರಡು ಲಕ್ಷದ ಮೇಲೆ ಹೋಯಿತು. ಗುಡುಗುವ ಕೊಳವೆಯನ್ನು ಬೇರೆಯಾಗಿ ಮಾರಿದೆ.

ಕೆಲವು ವಾರಗಳ ಮೇಲೆ ಆ ಹುಡುಗ ಬಸ್ಸಿನಲ್ಲಿ ಬಂದ. ಟ್ಯಾಂಕಿನ ವಿಷಯ ಯಾರೋ ಹೇಳಿದ್ದರು.

"ಅರ್ಧ ಪೆಟ್ರೋಲು ಟ್ಯಾಂಕ್‌ನಲ್ಲೇ ಇತ್ತಂತೆ ಅಣ್ಣಾ. ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕೆ ಹೇಳಲಿಲ್ಲ?"

"ಕೊಳ್ಳೋಕೆ ಬಂದೋನು ಮಾಲು ಹೊಗಳೋದನ್ನ ಎಲ್ಲಾದ್ರೂ ಕಂಡೀಯೇನಪ್ಪಾ?"

ಅವನು ದುಡ್ಡಿನ ಮಾತು ಎತ್ತಲಿಲ್ಲ. ಹೆಂಡತಿ ಮಗು ಮನೆಗೆ ಬಂದಿದ್ದರು. ಆದರೆ ಗೌರಸಮುದ್ರದಲ್ಲಿ ಈಗ ಅವನ ಹೆಸರು ತಳ್ಳೋ ಅಳಿಯ. ಮಗುವನ್ನು ಆಡಿಸುವಾಗಲೂ ಮಾವ, "ತಳ್ಳು ತಳ್ಳು, ನಿಮ್ಮಪ್ಪನ್ ಗಾಡಿ ತಳ್ಳು," ಅನ್ನುತ್ತಾರಂತೆ, ಹೆಂಡತಿಯೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾಳಂತೆ. "ನೀವೊಂದು ಮಾತು ಹೇಳಿ ಅಣ್ಣಾ ಮಾವಂಗೆ, ಗಾಡಿದು ತಪ್ಪಲ್ಲ ಅಂತ. ನಿಮ್ ಮಾತು ಕೇಳ್ತಾರೆ."

"ಆಗ್ಲಿ ನೋಡಾಣ," ಅಂದು ಕಳಿಸಿದೆ. ಹೇಳಲಿಲ್ಲ, ಹೇಳುವುದೂ ಇಲ್ಲ. ಆ ಮಾವ ನನ್ನನ್ನು ನ್ಯಾಯವಂತ ಎಂದು ಊರೆಲ್ಲ ಹೊಗಳಿ ಇಬ್ಬರು ಗಿರಾಕಿಗಳನ್ನು ಕಳಿಸಿದ್ದಾರೆ.

ನಿಮ್ಮ ಹತ್ತಿರ ದೊಡ್ಡ ಗಾಡಿ ಇದ್ದರೆ ಇಷ್ಟು ತಿಳಿದಿರಿ. ಮೈಲೇಜ್ ಅಳೆಯಲು ಯಾರು ಬಾಟಲಿ ತಂದರೂ ಬೇಡ ಅನ್ನಿ. ಟ್ಯಾಂಕು ಕಂಠದವರೆಗೆ ತುಂಬಿಸಿ, ನೂರು ಕಿಲೋಮೀಟರ್ ಓಡಿಸಿ, ಮತ್ತೆ ಅದೇ ಮಟ್ಟಕ್ಕೆ ತುಂಬಿಸಿ, ಎಷ್ಟು ಹಿಡಿಯಿತು ನೋಡಿ. ಬರಿದಾದ ಟ್ಯಾಂಕಿನಲ್ಲಿ ಬಟನ್ ಒತ್ತುತ್ತಾ ಹೋದರೆ ಪಂಪು ಸುಟ್ಟೀತು, ಅದರ ಬೆಲೆ ಕೇಳಿದರೆ ನೀವೂ ದೇವುಡಾ ಅನ್ನುತ್ತೀರಿ. ಸದ್ದಿಗೆ, ಜಾಲರಿಗೆ ಎಷ್ಟೇ ಸುರಿದಿದ್ದರೂ ಕೊಳ್ಳುವವನು ಅದಕ್ಕೆ ಬಿಡಿಗಾಸು ಕೊಡುವುದಿಲ್ಲ. ಕಂಪನಿಯ ಸಾಮಾನು ತಿರುಗಿ ಹಾಕಿಸಿ ಗಾಡಿ ಮಾರಿ, ಕೊಳವೆ ಬೇರೆಯಾಗಿ ಮಾರಿ. ಟವೆಲ್ ಹಾಸಿದರೆ ಅದರ ಕೆಳಗೆ ನಿಮ್ಮ ಕೈಯೇ ಇರಲಿ. ಮಾವನನ್ನು ಮಾತ್ರ ಜೊತೆಗೆ ಕರೆದುಕೊಂಡು ಬರಬೇಡಿ. ಕರೆತಂದರೆ, ನನ್ನ ಅಂಗಡಿಗೇ ಬನ್ನಿ.